ಮಕ್ಕಳಿಗೆ ನಕ್ಷೆ ಕಲಿಸಲು ಬೋರ್ಡ್ ಬೇಕಾ?

ಪ್ರಶ್ನೆ: ಮಗಳಿಗೆ 9 ವರ್ಷ, ಮಗನಿಗೆ 12. ಇಬ್ಬರಿಗೂ ಮನೆ, ಸೇತುವೆ ಬಿಡಿಸುವ ಹುಚ್ಚು. ಮಳೆಗೆ ಶಾಲೆ ರಜೆ ಇದ್ದಾಗ ಇಂಜಿನಿಯರುಗಳು ಬರೆಯುವಂಥ ನಕ್ಷೆ ಕಲಿಸೋಣ ಎಂದಿದ್ದೇನೆ. ಡ್ರಾಯಿಂಗ್ ಬೋರ್ಡ್ ಕೊಳ್ಳಬೇಕಾ? ನೇರ ಕಂಪ್ಯೂಟರಿನಲ್ಲೇ ಶುರು ಮಾಡಬಹುದಾ?
– ಓದುಗರೊಬ್ಬರು, ವಿರಾಜಪೇಟೆ

ಉತ್ತರ: ಬೋರ್ಡ್ ಈಗಲೇ ಬೇಡ. ಶಾಲೆಯ ಕಂಪಾಸ್ ಬಾಕ್ಸು, ಎ4 ಹಾಳೆ, ಒಂದು ಅಳತೆ ಟೇಪು ಸಾಕು. ಪೆನ್ಸಿಲ್‌ಗಿಂತ ಮೊದಲು ಮಕ್ಕಳ ಕೈಗೆ ಟೇಪು ಕೊಡಿ. ನಕ್ಷೆ ಎಂದರೆ ಬೇರೆಯವರು ನೋಡಿ ಅದೇ ಅಳತೆಗೆ ಕಟ್ಟಲು ಆಗಬೇಕು. ಅಳೆಯದೆ ಬರೆದರೆ ಅದು ಬರೀ ಚಿತ್ರ.

ಮಗಳಿಗೆ ಬೆಂಕಿಪೊಟ್ಟಣ ಕೊಡಿ. ಎದುರಿನಿಂದ, ಮೇಲಿನಿಂದ, ಪಕ್ಕದಿಂದ ಹೇಗೆ ಕಾಣುತ್ತದೋ ಹಾಗೆ, ಇದ್ದ ಅಳತೆಯಲ್ಲೇ ಬರೆಯಲಿ. ಎದುರು ನೋಟದ ನೇರ ಕೆಳಗೆ ಮೇಲಿನ ನೋಟ ಬರಬೇಕು. ನಮ್ಮ ದೇಶದ ಪದ್ಧತಿ ಅದು. ಮೊದಮೊದಲು ಮಕ್ಕಳು ಮೂರು ಬದಿಯನ್ನೂ ಒಂದೇ ಚಿತ್ರದಲ್ಲಿ ಓರೆಯಾಗಿ ತುರುಕುತ್ತಾರೆ. ಬೈಯಬೇಡಿ. ಪೊಟ್ಟಣವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಲು ಹೇಳಿ. ಒಂದೇ ಬದಿ ಕಾಣುತ್ತದೆ.

ಮಗ ಮಲಗುವ ಕೋಣೆಯಿಂದ ಶುರು ಮಾಡಲಿ. ನೆಲದ 20 ಸೆಂಟಿಮೀಟರಿಗೆ ಹಾಳೆಯ ಮೇಲೆ 1 ಸೆಂಟಿಮೀಟರ್, ಅಂದರೆ 1:20. ಕೋಣೆ 3 ಮೀಟರ್ ಅಗಲ, 4 ಮೀಟರ್ ಉದ್ದ ಇದ್ದರೆ ಹಾಳೆಯಲ್ಲಿ 15 ಮತ್ತು 20 ಸೆಂಟಿಮೀಟರ್. ಎ4 ಹಾಳೆ 21 ಸೆಂಟಿಮೀಟರ್ ಅಗಲ ಇರುವುದರಿಂದ ಗೋಡೆಯ ದಪ್ಪವೂ ಅದರಲ್ಲೇ ಕೂರುತ್ತದೆ. ಆಮೇಲೆ ಕೋಣೆಯ ಮೂಲೆಯಿಂದ ಎದುರು ಮೂಲೆಗೆ ಟೇಪು ಎಳೆಯಲಿ. ಮೂಲೆಗಳು ಸರಿಯಾಗಿದ್ದರೆ ಎರಡೂ ಕಡೆಯಿಂದ 5 ಮೀಟರ್ ಬರಬೇಕು, ಹಾಳೆಯಲ್ಲಿ 25 ಸೆಂಟಿಮೀಟರ್. ಹಳೇ ಮನೆಯಾದರೆ ಹೆಚ್ಚುಕಮ್ಮಿ ಬರಬಹುದು. ಆಗ ನಕ್ಷೆಯೂ ಹಾಗೇ ಓರೆ ಇರಲಿ, ಸುಮ್ನೆ ಚಂದ ಕಾಣಲೆಂದು ನೇರ ಮಾಡಿಸಬೇಡಿ. ಇದ್ದದ್ದನ್ನು ಇದ್ದಂತೆ ಬರೆಯುವ ಅಭ್ಯಾಸ ಈ ವಯಸ್ಸಿನಲ್ಲೇ ಕೂರಬೇಕು, ಅಲ್ವಾ?

ಗೆರೆಯ ವಿಷಯದಲ್ಲಿ ಇಷ್ಟು ಸಾಕು: ಕಾಣುವ ಅಂಚಿಗೆ ದಪ್ಪ ಗೆರೆ, ಅಳತೆ ತೋರಿಸಲು ತೆಳು ಗೆರೆ, ಮರೆಯಾದ ಅಂಚಿಗೆ ತುಂಡು ತುಂಡು ಗೆರೆ.

ಕೊಡಗಿನ ಮಳೆಗಾಲಕ್ಕೆ ಒಂದು ಮಾತು. ಹಾಳೆ ತೇವ ಹೀರಿ ಮೆತ್ತಗಾಗುತ್ತದೆ. ಗಟ್ಟಿ ಸೀಸದ 2ಎಚ್ ಪೆನ್ಸಿಲ್ ಅದನ್ನು ಗೀರಿಬಿಡುತ್ತದೆ, ರಬ್ಬರ್ ಉಜ್ಜಿದರೆ ಹರಿಯುತ್ತದೆ. ಎಚ್‌ಬಿ ಪೆನ್ಸಿಲನ್ನೇ ಚೂಪಾಗಿಟ್ಟು ಹಗುರವಾಗಿ ಎಳೆಯಲಿ. ಹಾಳೆಗಳನ್ನು ಪ್ಲಾಸ್ಟಿಕ್ ಕವರಿನಲ್ಲಿಡಿ.

ಕಂಪ್ಯೂಟರ್ ಮಗನಿಗೆ ಆಮೇಲೆ ಕೊಡಿ. ಅದು ಗೆರೆಯನ್ನು ನೇರ ಮಾಡಿಕೊಡುತ್ತದೆ, ಆದರೆ ಟೇಪು ಹಿಡಿದು ಅಳೆಯುವುದಿಲ್ಲ. ಸುಗ್ಗಿ ಹಬ್ಬ ಪುತ್ತರಿಗೆ ಯಾರದ್ದಾದರೂ ಐನ್‌ಮನೆಗೆ (ಕೊಡವ ಕುಟುಂಬದ ಮೂಲ ಮನೆ) ಹೋಗುವುದಿದ್ದರೆ ಟೇಪು ಒಯ್ಯಿರಿ. ಹಿರಿಯರನ್ನು ಕೇಳಿ, ಇಬ್ಬರೂ ಸೇರಿ ಕೈಯಾಲೆಯನ್ನು, ಅಂದರೆ ಮನೆ ಮುಂದಿನ ಜಗಲಿಯನ್ನು, ಅಳೆಯಲಿ. ಕಂಬದಿಂದ ಕಂಬಕ್ಕೆ ಎಷ್ಟು, ಐಮರ (ಕಂಬಗಳ ನಡುವೆ ಕೂರಲು ಇರುವ ಮರದ ಹಲಗೆ) ನೆಲದಿಂದ ಎಷ್ಟು ಎತ್ತರ ಎಂದು ಅಣ್ಣ-ತಂಗಿ ಜಗಳ ಆಡದೆ ಒಬ್ಬರು ಟೇಪು ಹಿಡಿಯಲಿ, ಇನ್ನೊಬ್ಬರು ಬರೆದುಕೊಳ್ಳಲಿ. ಅಷ್ಟು ದೊಡ್ಡ ಅಳತೆಗೆ 1:20 ಸಾಲದು, 1:50 ಹಿಡಿಯಬೇಕಾಗುತ್ತದೆ.