ಶಾಲೆ ಅಂದರೆ ಮುಖ ಸಿಂಡರಿಸುವ ಮಗನಿಗೆ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಓದಿಸಬಹುದಾ?

ಖಂಡಿತ ಓದಿಸಿ. ಬುದ್ಧಿ ಕಲಿಯಲಿ ಅಂತ ಮಾತ್ರ ಬೇಡ. ಆರ್. ಕೆ. ನಾರಾಯಣ್ ಅವರ ಈ 1935ರ ಕಾದಂಬರಿಯಲ್ಲಿ ಸ್ವಾಮಿ ಕೊನೆಗೂ ಜಾಣ ಹುಡುಗ ಆಗುವುದಿಲ್ಲ. ನನಗೆ ಹಿಡಿಸಿದ್ದೇ ಅದು.

ಲೆಕ್ಕದ ಪ್ರಸಂಗದಿಂದ ಶುರು ಮಾಡಿ. ರಜೆಯಲ್ಲೂ ಅಪ್ಪ ಹಿಡಿದು ಕೂರಿಸುತ್ತಾರೆ: ಹತ್ತು ಮಾವಿನಹಣ್ಣಿಗೆ ಹದಿನೈದು ಆಣೆ, ನಾಲ್ಕಕ್ಕೆ ಎಷ್ಟು? ಸ್ವಾಮಿಯ ಚಿಂತೆಯೇ ಬೇರೆ, ಹಣ್ಣು ಮಾಗಿದೆಯೋ ಇಲ್ಲವೋ! ಕೊನೆಗೆ ಆರು ಆಣೆ ಅಂತ ಹೇಳಿ ಅತ್ತೇ ಬಿಡುತ್ತಾನೆ. ಬಳ್ಳಾರಿಯ ಬಿಸಿಲಲ್ಲಿ, ಫ್ಯಾನ್ ಕೆಳಗೆ ಕೂತು ನಮ್ಮಣ್ಣನ ಮಗನಿಗೆ ಇದನ್ನು ಓದಿ ಹೇಳಿದೆ. (ಆಗ ರೂಪಾಯಿಗೆ 16 ಆಣೆ ಇತ್ತು ಅಂತ ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಅಲ್ಲೇ ಸಿಕ್ಕಿಕೊಳ್ಳುತ್ತಾರೆ.) ಅವನು ಕೇಳಿದ್ದು: “ಕಾಕಾ, ಹಣ್ಣು ಹುಳಿ ಇದ್ರ ಆರಾಣೆ ಯಾಕ ಕೊಡಬೇಕು?” ಸರಿ ತಾನೇ?

ಬೆತ್ತದ ಏಟು ಜಾಸ್ತಿ ಇದೆ, ಕಾಲ ಅಂಥದ್ದು. ಸ್ವಾಮಿ ಎರಡು ಶಾಲೆ ಬಿಟ್ಟು, ಆಮೇಲೆ ಮನೆಯನ್ನೇ ಬಿಟ್ಟು ಓಡುತ್ತಾನೆ. ಆ ಭಾಗವನ್ನು ಮಾತ್ರ ಪಕ್ಕದಲ್ಲಿ ಕೂತು ಓದಿ. ಮಗ ಸುಮ್ನೆ ಕೇಳುತ್ತಿದ್ದರೆ ಪ್ರಶ್ನೆ ಹಾಕಬೇಡಿ. ಸ್ವಾಮಿಯ ಗೆಳೆಯ ರಾಜಂ ರೈಲು ಹತ್ತುವ ಕೊನೆಯ ಪುಟಕ್ಕೆ ಬಂದಾಗ ಮಗನೇ ಮಾತಾಡುತ್ತಾನೆ.