ಕೋಷ್ಟಕ ನೋಡಿ ಬದಲಾವಣೆ ರೇಖೀಯವೋ ಘಾತೀಯವೋ ಎಂದು ಹೇಳುವುದು ಹೇಗೆ?

ಪಕ್ಕಪಕ್ಕದ ಬೆಲೆಗಳನ್ನು ಮೊದಲು ಕಳೆಯಿರಿ, ಆಮೇಲೆ ಭಾಗಿಸಿ. ವ್ಯತ್ಯಾಸ ಒಂದೇ ಸಮನಾಗಿದ್ದರೆ ರೇಖೀಯ. ಅನುಪಾತ ಒಂದೇ ಸಮನಾಗಿದ್ದರೆ ಘಾತೀಯ.

ನಮಗೆಲ್ಲ ಗೊತ್ತಿರುವ ಬಡ್ಡಿ ಲೆಕ್ಕವನ್ನೇ ತೆಗೆದುಕೊಳ್ಳೋಣ. ಅಸಲು 10,000 ರೂಪಾಯಿ, ವರ್ಷಕ್ಕೆ ಶೇ. 10:

ವರ್ಷ | ಸರಳ ಬಡ್ಡಿ | ಚಕ್ರಬಡ್ಡಿ
0 | 10,000 | 10,000
1 | 11,000 | 11,000
2 | 12,000 | 12,100
3 | 13,000 | 13,310
20 | 30,000 | 67,275

ಸರಳ ಬಡ್ಡಿಯಲ್ಲಿ ಪ್ರತಿ ವರ್ಷ 1,000 ಕೂಡುತ್ತದೆ, ಅಷ್ಟೇ. ಚಕ್ರಬಡ್ಡಿಯಲ್ಲಿ ಹೆಚ್ಚಳ 1,000, 1,100, 1,210 ಎಂದು ತಾನೇ ಬೆಳೆಯುತ್ತದೆ, ಏಕೆಂದರೆ ಬಡ್ಡಿಗೂ ಬಡ್ಡಿ ಬೀಳುತ್ತದೆ. ಆದರೆ ಭಾಗಿಸಿ ನೋಡಿ: ಪ್ರತಿ ಸಲವೂ 1.1. ಮೊದಲ ವರ್ಷ ಎರಡೂ ಒಂದೇ, ಮೂರನೆಯ ವರ್ಷಕ್ಕೂ ಅಂತರ ಬರೀ 310 ರೂಪಾಯಿ. ಸಾಲ ಮಾಡಿದವರು ಮೋಸಹೋಗುವುದು ಇಲ್ಲೇ!

ಎಡಗಡೆಯ ಅಂಕಿಗಳು ಸಮಾನ ಅಂತರದಲ್ಲಿರಬೇಕು, ಇದನ್ನು ಬಹಳ ಜನ ಮರೆಯುತ್ತಾರೆ. ಮೇಲಿನ ಕೊನೆಯ ಸಾಲು 3ರಿಂದ 20ಕ್ಕೆ ಹಾರಿದೆ, ಹಾಗಾಗಿ ಅದನ್ನು ಈ ಪರೀಕ್ಷೆಗೆ ಬಳಸಬೇಡಿ.

ಇಳಿಯುವ ಸಂಖ್ಯೆಗಳಿಗೂ ಇದೇ ನಿಯಮ. 80, 40, 20, 10 ಘಾತೀಯವೇ, ಅನುಪಾತ ½. ಇನ್ನು 1, 2, 4, 7, 11? ವೇಗವಾಗಿ ಏರುತ್ತದೆಂದು ಘಾತೀಯ ಅನ್ನಬೇಡಿ. ವ್ಯತ್ಯಾಸವೂ ಸಮವಿಲ್ಲ, ಅನುಪಾತವೂ ಸಮವಿಲ್ಲ. ಆದರೆ ವ್ಯತ್ಯಾಸಗಳು 1, 2, 3, 4 ಎಂದು ಒಂದೇ ಸಮನಾಗಿ ಹೆಚ್ಚುತ್ತವೆ, ಹಾಗಾಗಿ ಅದು ವರ್ಗೀಯ (ಸೂತ್ರದಲ್ಲಿ ವರ್ಗ, ಅಂದರೆ n², ಬರುವಂಥದ್ದು).