ಗುಲ್ಮಾರ್ಗ್‌ನಲ್ಲಿ ದುಬಾರಿ ರೆಸಾರ್ಟ್ ಬೇಕಾ? ಅತ್ತೆಯನ್ನೂ ಕರೆದುಕೊಂಡು ಹೋದವಳ ಉತ್ತರ

ನೀವು ಕೇಳಿರೋದು ಇಷ್ಟು: ಮಂಡ್ಯದಿಂದ ಗಂಡ ಹೆಂಡತಿ, ಹತ್ತು ಮತ್ತು ಆರು ವರ್ಷದ ಮಕ್ಕಳು, 66 ವರ್ಷದ ಅಮ್ಮ, ಹೀಗೆ ಐದು ಜನ ಹಿಮದ ಮೇಲೆ ಜಾರೋ ಸ್ಕೀ ಕಲಿಯೋಕೆ ಕಾಶ್ಮೀರದ ಗುಲ್ಮಾರ್ಗ್‌ಗೆ ಹೊರಟಿದ್ದೀರಿ. ಅಲ್ಲಿನ ಐಷಾರಾಮಿ ರೆಸಾರ್ಟಿಗೆ ಮೂರು ರಾತ್ರಿಗೆ ಅಷ್ಟು ದುಡ್ಡು ಸುರಿಯೋದು ಸರಿಯಾ, ಇಲ್ಲ ಶ್ರೀನಗರದಲ್ಲೇ ರೂಮು ಮಾಡಿ ದಿನಾ ಹೋಗಿಬರಬಹುದಾ?

ನಾವೂ ಐದೇ ಜನ. ಮೈಸೂರಿನ ಕುವೆಂಪುನಗರದಿಂದ 2023ರ ಜನವರಿಯಲ್ಲಿ ಹೋಗಿದ್ವಿ. ಪಾಂಡವಪುರ ಕಡೆಯ ನಮ್ಮತ್ತೆಗೆ ಆಗ 67. ಮೊದಲ ರಾತ್ರಿ ಸಾಧಾರಣ ಹೋಟೆಲು, ಆಮೇಲೆ ಎರಡು ರಾತ್ರಿ ದೊಡ್ಡ ರೆಸಾರ್ಟು. ಎರಡನ್ನೂ ಕಂಡವಳಾಗಿ ಹೇಳ್ತೀನಿ, ದುಬಾರಿ ರೂಮು ತಗೊಳ್ಳಿ. ಆದರೆ ಸ್ಕೀಗೋಸ್ಕರ ಅಲ್ಲ, ಅಮ್ಮನಿಗೋಸ್ಕರ. ಆ ದುಡ್ಡಿಗೆ ಸಿಗೋದು ಬಿಸಿ. ಸ್ಕೀ ಕಲಿಸೋನು ಹೊರಗಡೆ ಹಿಮದಲ್ಲಿ ನಿಂತಿರ್ತಾನೆ, ನೀವು ಎಲ್ಲಿ ಮಲಗಿದ್ರಿ ಅನ್ನೋದು ಅವನಿಗೆ ಬೇಕಾಗಿಲ್ಲ.

ಶ್ರೀನಗರದಿಂದ ದಿನಾ ಹೋಗಿಬರೋದು ಬೇಡ. ನಕ್ಷೆಯಲ್ಲಿ ಐವತ್ತು ಚಿಲ್ಲರೆ ಕಿಲೋಮೀಟರ್, ಅಂದ್ರೆ ಮಂಡ್ಯಕ್ಕೂ ಮೈಸೂರಿಗೂ ಇರೋ ದೂರಕ್ಕಿಂತ ಸ್ವಲ್ಪ ಜಾಸ್ತಿ. ಆದರೆ ಬೆಟ್ಟದ ಬುಡದ ತಂಗ್‌ಮಾರ್ಗ್ ಆದಮೇಲಿನ ಕೊನೆಯ 13 ಕಿಲೋಮೀಟರ್ ಘಟ್ಟ. ಹಿಮ ಬಿದ್ದ ದಿನ ಚಕ್ರಕ್ಕೆ ಸರಪಳಿ ಕಟ್ಟಿದ ಗಾಡಿಯನ್ನಷ್ಟೇ ಮೇಲಕ್ಕೆ ಬಿಡ್ತಾರೆ. ನಮ್ಮ ಟ್ಯಾಕ್ಸಿಯವನು ತಂಗ್‌ಮಾರ್ಗ್‌ನಲ್ಲಿ ನಿಲ್ಲಿಸಿ, ಬೇರೆ ಗಾಡಿ ಹತ್ತಿ ಅಂದ. ಅಲ್ಲೇ ಬಾಡಿಗೆಗೆ ಗಮ್‌ಬೂಟು, ಉದ್ದ ಕೋಟು ತಗೊಂಡು ಮೇಲೆ ಹೋಗೋಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ಐದು ಗಂಟೆಗೆಲ್ಲ ಬಿಸಿಲು ಸತ್ತೇಹೋಗುತ್ತೆ. ಹೋಗಿಬರೋರಿಗೆ ಫೋಟೋ ಸಿಗುತ್ತೆ ಅಷ್ಟೆ.

ಮೊದಲ ರಾತ್ರಿಯ ಹೋಟೆಲಿನ ಹೆಸರು ಬೇಡ. ರೂಮಲ್ಲಿ ಬುಖಾರಿ ಇತ್ತು, ಸೌದೆ ಹಾಕಿ ಉರಿಸೋ ಕಬ್ಬಿಣದ ಒಲೆ. ಹತ್ತು ಗಂಟೆಗೆ ಹುಡುಗ ಬಂದು ಕೊನೇ ಸಲ ಸೌದೆ ತುಂಬಿಸಿ ಹೋದ, ಎರಡು ಗಂಟೆಗೆ ಅದು ಆರಿತ್ತು. ಹಾಸಿಗೆಯಲ್ಲಿ ಕರೆಂಟು ಕಂಬಳಿ ಇತ್ತು, ಕರೆಂಟೇ ಇರಲಿಲ್ಲ. ಹೊರಗೆ ಸೊನ್ನೆಗಿಂತ ಏಳೆಂಟು ಡಿಗ್ರಿ ಕೆಳಗೆ. ಅತ್ತೆ ಎರಡು ಸ್ವೆಟರು, ಶಾಲು, ಮಂಕಿಕ್ಯಾಪು ಹಾಕ್ಕೊಂಡು ಕೂತು, "ಅಲ್ಲ ಕಣವ್ವ, ಐಸ್ ಪೆಟ್ಗೆ ಒಳಗೆ ಕೂರಕ್ಕೆ ಇಷ್ಟು ದುಡ್ಡು ಕೊಟ್ಟು ಬಂದ್ವಾ?" ಅಂದ್ರು. ಅವರ ತೆಂಗಿನೆಣ್ಣೆ ಬಾಟಲಿ ಕಲ್ಲಾಗಿತ್ತು. ನಮ್ಮೂರಲ್ಲೂ ಡಿಸೆಂಬರ್ ಬೆಳಿಗ್ಗೆ ಎಣ್ಣೆ ಗಟ್ಟಿಯಾಗುತ್ತೆ, ಬಿಸಿಲಿಗಿಟ್ಟರೆ ಕರಗುತ್ತೆ. ಅಲ್ಲಿ ಬಿಸಿಲಿಗಿಟ್ಟರೂ ಕರಗಲಿಲ್ಲ.

ಮಾರನೇ ದಿನ ರೆಸಾರ್ಟಿಗೆ ಬಂದ್ವಿ. ಕಾರಿಡಾರೂ ಬೆಚ್ಚಗೆ, ಬಚ್ಚಲೂ ಬೆಚ್ಚಗೆ. ಅತ್ತೆ ದೊಡ್ಡ ಕಿಟಕಿ ಪಕ್ಕ ಕುರ್ಚಿ ಎಳ್ಕೊಂಡು, ಕಹ್ವಾ ಅನ್ನೋ ಕಾಶ್ಮೀರಿ ಚಹಾ ಕುಡೀತಾ, ಮೊಮ್ಮಕ್ಕಳು ಬೀಳೋದನ್ನ ನೋಡ್ತಾ ಅರ್ಧ ದಿನ ಕಳೆದ್ರು. ನಮ್ಮ ಒಟ್ಟು ಖರ್ಚಿನ ಅರ್ಧ ಈ ಎರಡು ರಾತ್ರಿಗೇ ಹೋಯ್ತು, ನನಗೆ ಬೇಜಾರಿಲ್ಲ. ಬುಕ್ ಮಾಡುವಾಗ ಸ್ಪಾ, ಈಜುಕೊಳ ನೋಡಬೇಡಿ. ರಾತ್ರಿಯಿಡೀ ಹೀಟಿಂಗ್ ಇರುತ್ತಾ, ಜನರೇಟರ್ ಇದೆಯಾ, ರಾತ್ರಿ ಊಟ ಸೇರಿದೆಯಾ, ಗೊಂಡೋಲಾ, ಅಂದ್ರೆ ಬೆಟ್ಟ ಹತ್ತಿಸೋ ಕೇಬಲ್ ಕಾರಿನ ಸ್ಟೇಷನ್ನಿಗೆ ನಡೆದು ಹೋಗಬಹುದಾ ಅಂತ ಕೇಳಿ. ಕೊನೆಯದು ಯಾಕೆ ಮುಖ್ಯ ಅನ್ನೋದು ಸ್ಕೀ ಬೂಟು ಹಾಕಿದ ಮೇಲೆ ಗೊತ್ತಾಗುತ್ತೆ.

ಆ ಬೂಟು ಗಟ್ಟಿ ಪ್ಲಾಸ್ಟಿಕ್ಕಿನದು, ಕಣಕಾಲನ್ನ ಮುಂದಕ್ಕೆ ಬಾಗಿಸಿ ಹಿಡಿದಿಡುತ್ತೆ, ನಾಲ್ಕು ಬಕಲು. ಹಾಕ್ಕೊಂಡು ನೂರು ಹೆಜ್ಜೆ ನಡೆಯೋದು ನಾಟಿ ಗದ್ದೆಯ ಕೆಸರಿನಿಂದ ಕಾಲು ಕಿತ್ತು ಕಿತ್ತು ಇಟ್ಟ ಹಾಗೆ. ಒಳಗೆ ಒಂದೇ ಜೊತೆ ಉಲ್ಲನ್ ಸಾಕ್ಸ್ ಇರಲಿ. ನಾನು ಚಳಿಗೆ ಹೆದರಿ ಎರಡು ಜೊತೆ ಹಾಕಿ ರಕ್ತ ಓಡದೆ ಬೆರಳು ಮರಗಟ್ಟಿಸಿಕೊಂಡೆ. ಆಮೇಲೆ ಬೂಟಿನ ತುದಿಯನ್ನ ಸ್ಕೀ ಅನ್ನೋ ಉದ್ದ ಪಟ್ಟಿಯ ಮೇಲಿನ ಕೊಂಡಿಗೆ ಸಿಕ್ಕಿಸಿ ಹಿಮ್ಮಡಿ ಒತ್ತಬೇಕು, 'ಟಕ್' ಅನ್ನಬೇಕು. ನಂದು ಅನ್ನಲೇ ಇಲ್ಲ. ಕಲಿಸೋನು ನನ್ನ ಕಾಲೆತ್ತಿಸಿ ಅಂಗಾಲಿಗೆ ಅಂಟಿದ್ದ ಹಿಮವನ್ನ ಕೋಲಿಂದ ಕೆರೆದು, ಈಗ ಒತ್ತಿ ಅಂದ. ಟಕ್.

ಮೊದಲ ದಿನ ಕಲಿಸೋದು ನಿಲ್ಲೋದನ್ನ. ಎರಡೂ ಸ್ಕೀಗಳ ಮುಂದಿನ ತುದಿ ಹತ್ತಿರ ತಂದು, ಹಿಂದಿನ ತುದಿ ಅಗಲ ಮಾಡಿದರೆ ವೇಗ ಕಡಿಮೆಯಾಗುತ್ತೆ. ಪಿಜ್ಜಾ ತುಂಡಿನ ಆಕಾರ, ಮಕ್ಕಳಿಗೆ 'ಪಿಜ್ಜಾ' ಅಂದ್ರೆ ತಕ್ಷಣ ಅರ್ಥ ಆಯ್ತು. ನನಗೆ ಆಗದೇ ಇದ್ದಿದ್ದು ಬೇರೆ: ಇಳಿಜಾರಿಗೆ ಹೆದರಿ ಮೈ ಹಿಂದಕ್ಕೆ ವಾಲಿತು, ಹಾಗೆ ವಾಲಿದಷ್ಟೂ ಸ್ಕೀ ಇನ್ನೂ ಜೋರಾಗಿ ಓಡುತ್ತೆ. ಮಂಡಿ ಬಗ್ಗಿಸಿ ಮುಂದಕ್ಕೆ ಒರಗಬೇಕು, ಬುದ್ಧಿ ಬೇಡ ಅಂದ್ರೂ. ಬಿದ್ದಾಗ ಸ್ಕೀಗಳನ್ನ ಇಳಿಜಾರಿಗೆ ಅಡ್ಡ ಇಟ್ಟುಕೊಂಡು ಏಳಿ, ಇಲ್ಲದಿದ್ರೆ ಎದ್ದ ಕ್ಷಣವೇ ಜಾರ್ತೀರಿ. ನಮ್ಮ ಒಂಬತ್ತರ ಮಗ ಎರಡನೇ ದಿನ ಸಂಜೆಗೆ ಸಣ್ಣ ಇಳಿಜಾರನ್ನ ತಾನೇ ಇಳಿದು ನಿಂತ. ನಿಮ್ಮ ಆರು ವರ್ಷದ ಮಗುವಿಗೆ ದಿನಕ್ಕೆ ಮುಕ್ಕಾಲು ಗಂಟೆ ಸಾಕು, ಆಮೇಲೆ ಹಿಮದಲ್ಲಿ ಮಣ್ಣಾಟದ ಹಾಗೆ ಆಡ್ಕೊಳ್ಳಲಿ. ಗುಲ್ಮಾರ್ಗ್‌ನಲ್ಲೇ ಸ್ಕೀ ಮತ್ತು ಪರ್ವತಾರೋಹಣದ ಸರ್ಕಾರಿ ಸಂಸ್ಥೆ ಇದೆ. ಅದರ ಕೋರ್ಸು ವಾರಗಟ್ಟಲೆಯದು, ಮನೆಮಂದಿಯ ಪ್ರವಾಸಕ್ಕೆ ಹೊಂದಲ್ಲ. ಖಾಸಗಿಯಾಗಿ ಕಲಿಸೋರನ್ನ ಹೋಟೆಲಿನ ಮೂಲಕ ಗೊತ್ತು ಮಾಡಿ, ಗಂಟೆ ಲೆಕ್ಕವೋ ದಿನದ ಲೆಕ್ಕವೋ, ಸ್ಕೀ ಬೂಟಿನ ಬಾಡಿಗೆ ಸೇರಿದೆಯೋ ಇಲ್ಲವೋ ಅನ್ನೋದನ್ನ ಮುಂಚೆಯೇ ಬಾಯಿಬಿಟ್ಟು ಕೇಳಿ.

ಎತ್ತರದ ಮಾತು, ಅಮ್ಮ ಬರ್ತಿರೋದ್ರಿಂದ. ನಮ್ಮ ರಾಜ್ಯದಲ್ಲೇ ಎತ್ತರದ್ದು ಮುಳ್ಳಯ್ಯನಗಿರಿ, ಸುಮಾರು 1,930 ಮೀಟರ್. ಗುಲ್ಮಾರ್ಗ್ ಊರೇ ಸುಮಾರು 2,650. ಗೊಂಡೋಲಾದ ಮೊದಲ ಹಂತ ಕೊಂಗ್‌ಡೋರಿ 3,000 ದಾಟುತ್ತೆ, ಎರಡನೇ ಹಂತ ಅಫರ್ವತ್ ಬೆಟ್ಟದ ಮೇಲೆ 3,900 ದಾಟುತ್ತೆ. ಅತ್ತೆಯನ್ನ ಮೊದಲ ಹಂತಕ್ಕೆ ಮಾತ್ರ ಕರ್ಕೊಂಡು ಹೋದ್ವಿ, ಅದೂ ಊರಲ್ಲಿ ಒಂದು ರಾತ್ರಿ ಕಳೆದ ಮೇಲೆ, ಮೈಸೂರಲ್ಲೇ ಡಾಕ್ಟರನ್ನ ಕೇಳಿಕೊಂಡು. ಬಿಪಿ, ಹೃದಯದ ಮಾತ್ರೆ ತಗೊಳ್ಳೋರಾದ್ರೆ ಇದನ್ನ ತಪ್ಪಿಸಬೇಡಿ. ಗೊಂಡೋಲಾ ಟಿಕೆಟ್ಟು ಆನ್‌ಲೈನಲ್ಲಿ ಮುಂಗಡ ತಗೊಳ್ಳಿ.

ಎರಡನೇ ಹಂತದಿಂದ ಸ್ಕೀ ಮಾಡೋ ಆಸೆ ಬೇಡವೇ ಬೇಡ. ಅದು ನುರಿತವರ ಜಾಗ. ನಾವು ಮನೆಗೆ ಬಂದ ನಾಲ್ಕನೇ ದಿನ, ಫೆಬ್ರವರಿ 1ರಂದು, ಅದೇ ಅಫರ್ವತ್‌ನಲ್ಲಿ ಹಿಮ ಕುಸಿದು ಪೋಲೆಂಡಿನ ಇಬ್ಬರು ಸ್ಕೀಯರ್‌ಗಳು ಸತ್ತರು. ಟೀವಿಯಲ್ಲಿ ಆ ಬೆಟ್ಟ ನೋಡಿ ಅತ್ತೆ ಮಾತಾಡದೆ ಮೊಮ್ಮಗನನ್ನ ಪಕ್ಕಕ್ಕೆ ಎಳ್ಕೊಂಡ್ರು.

ದಿನಾಂಕವೇ ನಮ್ಮ ಕಡೆಯವರಿಗೆ ದೊಡ್ಡ ತಲೆನೋವು. ದಸರಾ ರಜೆಗೆ ಅಲ್ಲಿ ಹಿಮ ಇರಲ್ಲ, ಬೇಸಿಗೆ ರಜೆ ಹೊತ್ತಿಗೆ ಕೆಳಗಿನ ಇಳಿಜಾರು ಕರಗಿ ಹುಲ್ಲು. ಕ್ರಿಸ್‌ಮಸ್ ರಜೆಗೆ ರೇಟು ಆಕಾಶದಲ್ಲಿ, ಹಿಮ ಅದೃಷ್ಟ. ಡಿಸೆಂಬರ್ 21ರಿಂದ ನಲವತ್ತು ದಿನ ಕಾಶ್ಮೀರದವರು 'ಚಿಲ್ಲಯಿ ಕಲಾನ್' ಅನ್ನೋ ಕಡುಚಳಿ. ಅಷ್ಟು ಚಳಿಯಲ್ಲೂ 2024ರ ಜನವರಿಯಲ್ಲಿ ಗುಲ್ಮಾರ್ಗ್ ಬಹುಪಾಲು ಬೋಳಾಗಿತ್ತು, ತಿಂಗಳ ಕೊನೆಗಷ್ಟೇ ಹಿಮ ಬಂತು. ನಾವು ಗಣರಾಜ್ಯೋತ್ಸವದ ಅಕ್ಕಪಕ್ಕ ಸ್ಕೂಲಿಗೆ ರಜೆ ಹಾಕಿಸಿದ್ವಿ. ಫೆಬ್ರವರಿ ಮೊದಲೆರಡು ವಾರ ಇನ್ನೂ ವಾಸಿ, ಪರೀಕ್ಷೆ ಅಡ್ಡ ಬರದಿದ್ರೆ. ವಾಪಸ್ ಬರೋವಾಗ ಶ್ರೀನಗರದಲ್ಲಿ ಒಂದು ರಾತ್ರಿ ಹೆಚ್ಚುವರಿ ಇಟ್ಕೊಳ್ಳಿ, ಹಿಮ ಬಿದ್ದರೆ ವಿಮಾನ ನಿಲ್ಲುತ್ತೆ.

ಭದ್ರತೆ ಬಗ್ಗೆ: ನಾನು ಹೋಗಿದ್ದು 2025ರ ಏಪ್ರಿಲ್‌ನ ಪಹಲ್ಗಾಮ್ ದಾಳಿಗೆ ಮುಂಚೆ. ಆ ಧೈರ್ಯವನ್ನ ನಿಮಗೆ ಸಾಲ ಕೊಡೋಕಾಗಲ್ಲ. ರದ್ದು ಮಾಡಿದರೆ ದುಡ್ಡು ವಾಪಸ್ ಬರೋ ಬುಕಿಂಗನ್ನೇ ಮಾಡಿ, ಹೊರಡೋ ವಾರ ಪರಿಸ್ಥಿತಿ ನೋಡಿ.

ಒಂದು ಸಣ್ಣ ವಿಷಯ, ಯಾರೂ ಹೇಳಿರಲಿಲ್ಲ ನಮಗೆ. ಹಿಮದಲ್ಲಿ ನಡೆಯೋಕಾಗದವರನ್ನ ಮರದ ಸ್ಲೆಡ್ಜ್ ಮೇಲೆ ಕೂರಿಸಿ ಮನುಷ್ಯರೇ ಎಳೀತಾರೆ. ಅತ್ತೆಯನ್ನ ಕೂರಿಸಿದ್ವಿ. ಇಪ್ಪತ್ತು ಹೆಜ್ಜೆ ಹೋಗಿರಬಹುದು, "ನಿಲ್ಸಪ್ಪ, ನಿಲ್ಸು" ಅಂತ ಕನ್ನಡದಲ್ಲೇ ಕೂಗಿ ಇಳಿದುಬಿಟ್ರು. ಎಳೆಯೋನಿಗೆ ಅವರ ವಯಸ್ಸೇ ಇತ್ತು. ಆಮೇಲೆ ಇಬ್ಬರೂ ನಿಧಾನಕ್ಕೆ ನಡೆದ್ರು, ಅವನು ಅವರ ತೋಳು ಹಿಡ್ಕೊಂಡಿದ್ದ, ಖಾಲಿ ಸ್ಲೆಡ್ಜ್ ಹಿಂದೆ ಬರ್ತಿತ್ತು. ಬಾಡಿಗೆ ಪೂರ್ತಿ ಕೊಡಿಸಿದ್ರು. ನಿಮ್ಮಮ್ಮನೂ ಅಂಥವರೇ ಆದ್ರೆ ಹಿಡಿತ ಚೆನ್ನಾಗಿರೋ ಬೂಟನ್ನ ಇಲ್ಲಿಂದಲೇ ತಗೊಂಡು ಹೋಗಿ, ತಂಗ್‌ಮಾರ್ಗ್‌ನ ಬಾಡಿಗೆ ಗಮ್‌ಬೂಟು ಜಾರುತ್ತೆ.

ಜೀನ್ಸ್ ಬೇಡ, ಒದ್ದೆಯಾದ್ರೆ ಒಣಗಲ್ಲ. ಹುರಿಹಿಟ್ಟು, ಚಟ್ನಿಪುಡಿ ಇರಲಿ, ಅನ್ನ ಮತ್ತು 'ಹಾಖ್' ಅನ್ನೋ ಸೊಪ್ಪಿನ ಸಾರು ಅತ್ತೆಗೆ ಹಿಡಿಸಿತು, ಮಿಕ್ಕಿದ್ದು ಇಲ್ಲ. ನಿಮ್ಮದು ಪ್ರಿಪೇಯ್ಡ್ ಸಿಮ್ ಆದ್ರೆ ಅಲ್ಲಿ ನಡೆಯಲ್ಲ, ಮನೆಯಲ್ಲಿ ಒಬ್ಬರದ್ದಾದ್ರೂ ಪೋಸ್ಟ್‌ಪೇಯ್ಡ್ ಇರಲಿ.